ತಟ್ಟದೇ ಸುಟ್ಟ ಸುಣ್ಣ

ಇಲ್ಲಪ್ಪ, ದೊಡ್ಡದಾಗೋದು ತಪ್ಪು ಅಂತ ನಾನೆಲ್ಲಿ ಅಂದೆ? ಕುಂಬಳಕಾಯಿ ದೊಡ್ಡದಾಗುತ್ತೆ, ತಪ್ಪಾ? ಎಮ್ಮೆಕರು ದೊಡ್ಡದಾಗುತ್ತೆ, ತಪ್ಪಾ? ಅಗೋ, ಆ ಮೂಲೇಲಿ ಗೋಡೆಗೆ ಒರಗಿ ಕೂತಿರೋ ಮಾವನ ಹೊಟ್ಟೆ ವರ್ಷ ವರ್ಷ ದೊಡ್ಡದಾಗ್ತಾ ಇದೆ, ಯಾರಾದ್ರೂ ಏನಾದ್ರೂ ಅಂದ್ರಾ? ಆದ್ರೆ ಕುಂಬಳಕಾಯಿ ತನ್ನ ಬಳ್ಳೀನ ತಾನೇ ತಿಂದು ದಪ್ಪ ಆಗಿದ್ದನ್ನ ಎಲ್ಲಾದ್ರೂ ನೋಡಿದ್ದೀರಾ? ಇಲ್ಲ ತಾನೇ? ನಾನೂ ನೋಡಿಲ್ಲ. ಮನುಷ್ಯ ಒಬ್ಬ ಹಾಗೆ ಮಾಡಿದ್ದನ್ನ ಕೇಳಿದ್ದೀನಿ. ಅದನ್ನೇ ಹೇಳೋಕೆ ಹೊರಟಿದ್ದು. ಮಾವ, ನೀನು ಸ್ವಲ್ಪ ಗೋಡೆ ಬಿಟ್ಟು ಈಚೆ ಕೂತ್ಕೋ. ಸುಮ್ನೆ. ಒಳ್ಳೇದಕ್ಕೇ ಹೇಳ್ತಿದ್ದೀನಿ.

ಹೊಳೆ ಹೋಗಿ ಸಮುದ್ರ ಸೇರೋ ಕಡೆ ಅಳಿವೆಪುರ ಅಂತ ಒಂದು ರಾಜ್ಯ. ರಾಜ್ಯ ಅಂದ್ರೆ ಭಾರಿ ಏನಲ್ಲ. ಈ ತುದೀಲಿ ಕೋಳಿ ಕೂಗಿದ್ರೆ ಆ ತುದೀಲಿ ಜನ ಎದ್ದು ಹಲ್ಲುಜ್ಜೋರು. ಅಲ್ಲೊಬ್ಬ ದೊರೆ. ದೊರೆಗೊಬ್ಬ ಪ್ರಧಾನಿ, ತಿಪ್ಪರಸ ಅಂತ. ಹೊಳೆ ದಂಡೇಲಿ ಒಂದು ಸುಣ್ಣದ ಗೂಡು. ಗೂಡಿನ ಯಜಮಾನ ಬೊಮ್ಮಯ್ಯ. ಅವನ ಸತ್ತುಹೋದ ಅಣ್ಣನ ಹೆಂಡತಿ ಕುಸಲಿ. ಇಷ್ಟೇ ಜನ. ನೆನಪಿಟ್ಕೊಳ್ಳೋದು ಕಷ್ಟ ಏನಿಲ್ಲ.

ಆ ಸೀಮೇಲಿ ಸುಣ್ಣದಕಲ್ಲು ಸಿಗ್ತಿರಲಿಲ್ಲ. ಹೊಳೇಲಿ ಕಪ್ಪೆಚಿಪ್ಪು ಸಿಗ್ತಿತ್ತು. ಸಮುದ್ರದ ನೀರು ದಿನಕ್ಕೆ ಎರಡು ಸಲ ಹೊಳೆಗೆ ಏರುತ್ತೆ, ಎರಡು ಸಲ ಇಳಿಯುತ್ತೆ. ಇಳಿದಾಗ ಮರಳದಿಬ್ಬಗಳು ಎಮ್ಮೆ ಬೆನ್ನಿನ ಹಾಗೆ ಮೇಲೆ ಕಾಣುತ್ವೆ. ಆಗ ಹೆಂಗಸರು ಬುಟ್ಟಿ ಹಿಡಿದು ಇಳಿದು ಚಿಪ್ಪು ಬಾಚೋರು. ಚಿಪ್ಪನ್ನ ಇದ್ದಿಲ ಜೊತೆ ಗೂಡಲ್ಲಿ ಸುಟ್ಟು, ನೀರು ಹೊಯ್ದು ಅರಳಿಸಿದ್ರೆ ಬೆಳ್ಳಗೆ ಸುಣ್ಣ. ಗೋಡೆಗೂ ಅದೇ, ಎಲೆ ಅಡಿಕೆಗೂ ಅದೇ.

ಆದ್ರೆ ಚಿಪ್ಪು ಸೀದಾ ಗೂಡಿಗೆ ಹೋಗೋ ಹಾಗಿರಲಿಲ್ಲ. ಮೊದಲು ದಂಡೆ ಮೇಲಿನ ಚಪ್ಪಡಿಕಲ್ಲಿಗೆ. ಕಲ್ಲಿನ ಮುಂದೆ ಕುಸಲಿ. ಒಂದೊಂದೇ ಚಿಪ್ಪು ಎತ್ತೋಳು, ಉಗುರಲ್ಲಿ ತಟ್ಟೋಳು. ಟಕ್. ಒಳಗೆ ಜೀವ ಇದ್ರೆ ಅರೆ ಬಿಟ್ಟ ಬಾಯನ್ನ ಚಿಪ್ಪು ಪಟ್ಟಂತ ಮುಚ್ಕೊಳ್ಳೋದು. ಜೀವ ಇಲ್ಲ ಅಂದ್ರೆ ಹಾಗೇ ಬಾಯಿ ಬಿಟ್ಕೊಂಡು ಬಿದ್ದಿರೋದು. ಬಾಯಿ ಮುಚ್ಚಿದ್ದು ವಾಪಸ್ ಹೊಳೆಗೆ. ಬಾಯಿ ಬಿಟ್ಟಿದ್ದು ಗೂಡಿಗೆ. ಸಾರಿಗೆ ಅಂತ ಮನೆಗೊಂದು ಬೊಗಸೆ ತಗೊಂಡ್ರೆ ಹೊಳೆ ಬೇಡ ಅಂತಿರಲಿಲ್ಲ. ಗೂಡಿಗೆ ಮಾತ್ರ ಜೀವ ಇದ್ದದ್ದು ಒಂದೂ ಬೀಳಬಾರದು. ಬೊಮ್ಮಯ್ಯನ ಅಜ್ಜನ ಅಜ್ಜ ಮಾಡಿಟ್ಟ ಕಟ್ಟಳೆ ಅದು. ಯಾಕೆ ಅಂತ ಅವನೂ ಹೇಳಿರಲಿಲ್ಲ. ಅಜ್ಜಂದಿರಿಗೆ ಕಾರಣ ಹೇಳೋ ಅಭ್ಯಾಸ ಎಲ್ಲಿದೆ?

ಬೊಮ್ಮಯ್ಯ ಒಳ್ಳೇ ಕೆಲಸಗಾರ. ಅದರಲ್ಲಿ ಸುಳ್ಳು ಹೇಳಬಾರದು. ಆದ್ರೆ ತಲೇಲಿ ಒಂದು ಹುಳ. ಕಟ್ಟೆ ಮೇಲೆ ಕೂತು ಬೆರಳು ಮಡಚೋನು. "ಮೊದಲು ಊರಿಗೆ ಸುಣ್ಣ. ಆಮೇಲೆ ಸೀಮೆಗೆ ಸುಣ್ಣ. ಆಮೇಲೆ ಅರಮನೆಗೆ ಸುಣ್ಣ."

ಒಂದು ದಿನ ಚಪ್ಪಡಿಕಲ್ಲಿನ ಹತ್ರ ಬಂದ.

"ಅತ್ತಿಗೆ, ಬೆಳಗ್ಗೆಯಿಂದ ಎಷ್ಟು ಬುಟ್ಟಿ ತಟ್ಟಿದೆ?"

"ಮೂರು."

"ಮೂರೇ! ತಟ್ಟದೇ ಇದ್ರೆ ಮೂವತ್ತು ಬುಟ್ಟಿ ಗೂಡಿಗೆ ಹಾಕ್ತಿದ್ದೆ. ಇದೇನು ಚಿಪ್ಪಾ ಇಲ್ಲ ಹೊಸ ಸೊಸೇನಾ, ಒಂದೊಂದನ್ನೂ ಮಾತಾಡ್ಸಿ ಮಾತಾಡ್ಸಿ ಒಳಗೆ ಕರ್ಕೊಳ್ಳೋಕೆ?"

"ಇನ್ನೊಂದು ಗೂಡು ಹಾಕಬೇಕಾ, ಹಾಕು. ಬೇಡ ಅಂದೋರ್ಯಾರು? ತಟ್ಟೋಕೆ ಇನ್ನೂ ಹತ್ತು ಜನ ಹೆಂಗಸರನ್ನ ಕರೆ. ಕಲ್ಲು ದೊಡ್ಡದಿದೆ."

"ತಟ್ಟೋದಕ್ಕೆ ಕೂಲಿ ಕೊಡಬೇಕಾ? ತಟ್ಟೋದೂ ಒಂದು ಕೆಲಸಾನಾ? ಅಲ್ಲ ಅತ್ತಿಗೆ, ನಾನೆಷ್ಟೋನು? ಒಂದು ಗೂಡಿನ ಬಡಪಾಯಿ. ನಾನು ನಾಲ್ಕು ಜೀವದ ಚಿಪ್ಪು ಸುಟ್ರೆ ಅಷ್ಟುದ್ದ ಹೊಳೆಗೆ ಏನಾಗುತ್ತೆ? ನಾನು ತೀರಾ ಚಿಕ್ಕೋನು."

ಇದು ಅವನ ಮೊದಲನೇ ಮಾತು. ನಾನು ತೀರಾ ಚಿಕ್ಕೋನು.

ಎರಡನೇ ಗೂಡು ಎದ್ದಿತು. ತಟ್ಟದ ಬುಟ್ಟಿಗಳು ಸೀದಾ ಅದಕ್ಕೆ ಬಿದ್ವು. ಬೆಂಕಿ ಹತ್ತಿತು. ಮಟಮಟ ಮಧ್ಯಾಹ್ನ, ಒಂದು ಕಾಗೆಯೂ ಇಲ್ಲ. ಗೂಡಿಂದ ಸದ್ದು ಬಂತು. ಚಿಪ್ಪು ಕಾದು ಸಿಡಿಯೋ ಸದ್ದಲ್ಲ, ಅದು ಕುಸಲಿಗೆ ಗೊತ್ತು. ಇದು ಬೇರೆ.

ಟಕ್. ಟಕ್. ಟಕ್.

ಬೆಂಕಿ ಒಳಗಿಂದ ಯಾರೋ ಉಗುರಲ್ಲಿ ತಟ್ಟಿದ ಹಾಗೆ.

"ಕೇಳಿಸ್ತಾ ಬೊಮ್ಮಯ್ಯ? ಒಳಗಿಂದ ತಟ್ತಾ ಇವೆ."

"ಇದ್ದಿಲು ಹಸಿ ಇತ್ತು ಅತ್ತಿಗೆ."

"ಇದ್ದಿಲು ಹಸಿ ಇರುತ್ತೇನೋ?"

ಬೊಮ್ಮಯ್ಯ ಬೆಂಕಿಗೆ ಗಾಳಿ ಊದೋ ತಿದಿ ಹತ್ರ ಹೋದ. ಜೋರಾಗಿ ಒತ್ತಿದ. ತಿದಿ ಸದ್ದಲ್ಲಿ ಆ ಸದ್ದು ಮುಳುಗಿಹೋಯ್ತು.

ಆ ಸುಣ್ಣ ಊರಿಗೆ ಹೋಯ್ತು. ಬೆಳ್ಳಗೆ ಅಂದ್ರೆ ಬೆಳ್ಳಗೆ, ಬಕಪಕ್ಷಿ ನಾಚ್ಕೋಬೇಕು. ಪ್ರಧಾನಿ ತಿಪ್ಪರಸ ಊಟ ಮುಗಿಸಿ, ಎಲೆಗೆ ಆ ಸುಣ್ಣ ಸವರಿ, ಅಡಿಕೆ ಇಟ್ಟು ಬಾಯಿಗೆ ಹಾಕ್ಕೊಂಡ. ನಾಲ್ಕು ಸಲ ಅಗಿದ. ಐದನೇ ಸಲಕ್ಕೆ ಬಾಯಿ ಪಟ್ಟಂತ ಮುಚ್ಕೊಂಡ್ತು.

ತೆಗಿಯೋಕೆ ನೋಡ್ತಾನೆ, ಬರಲ್ಲ. ವೈದ್ಯ ಬಂದು ಗಲ್ಲ ಮುಟ್ಟಿದ. ಮುಟ್ಟಿದಷ್ಟೂ ಬಿಗಿ. ಇನ್ನೊಬ್ಬ ಬಂದು ಎಣ್ಣೆ ಹಚ್ಚಿದ. ಹಚ್ಚಿದಷ್ಟೂ ಬಿಗಿ. ಹೆಂಡತಿ ಬಂದು ಬೈದ್ಳು. ಬೈದಷ್ಟೂ ಬಿಗಿ. ಮೊದಲನೇ ಸಲ ಗಂಡ ತಿರುಗಿ ಮಾತಾಡದೇ ಇದ್ದದ್ದು ಆಕೆಗೆ ಒಂದು ಗಳಿಗೆ ಖುಷಿಯೇ ಆಯ್ತಂತೆ. ಆಮೇಲೆ ಅವನ ಕಣ್ಣು ನೋಡಿ ಹೆದರಿದ್ಳು.

ಸಂಜೆ ಸಮುದ್ರದ ನೀರು ಹೊಳೆಗೆ ಏರಿತು. ಏರಿದ ಹಾಗೇ ತಿಪ್ಪರಸನ ಬಾಯಿ ಮೆಲ್ಲಗೆ, ತಾನಾಗೇ, ಚೂರೇ ಚೂರು ತೆರ್ಕೊಂಡ್ತು. ಒಳಗಿಂದ ಎಲೆರಸ ಬರಲಿಲ್ಲ. ಉಪ್ಪುನೀರು ಬಂತು. ಜೊತೆಗೆ ಒಂದು ಚಿಟಿಕೆ ಮರಳು.

ಜನ ಬೊಮ್ಮಯ್ಯನ ಹತ್ರ ಬಂದ್ರು. "ನಿನ್ನ ಸುಣ್ಣ ಸರಿ ಇಲ್ಲ."

"ನನ್ನ ಸುಣ್ಣ ಅಲ್ಲ. ಎಲೆ ಬಲಿತಿತ್ತು," ಅಂದ.

ಕುಸಲಿ ಬಂದ್ಳು. "ತಟ್ಟೋಣ ಬೊಮ್ಮಯ್ಯ. ಇನ್ನೂ ಹೊಳೇಲಿ ಚಿಪ್ಪಿದೆ."

"ತಟ್ಟೋಣ ಅತ್ತಿಗೆ, ನಾನೆಲ್ಲಿ ಬೇಡ ಅಂದೆ? ಇನ್ನೊಂಚೂರು ದೊಡ್ಡೋನಾಗ್ತೀನಿ. ಕೈಲಿ ಬಲ ಬರಲಿ. ಆಮೇಲೆ ತಟ್ಟೋಕೇ ಅಂತ ಮಂಟಪ ಕಟ್ಟಿಸ್ತೀನಿ ನೋಡು, ನೆರಳಿಗೆ."

ಇದು ಅವನ ಎರಡನೇ ಮಾತು. ಇನ್ನೊಂಚೂರು ದೊಡ್ಡೋನಾಗ್ತೀನಿ, ಆಮೇಲೆ.

ಮೂರನೇ ಗೂಡು ಎದ್ದಿತು. ಕೈಯಲ್ಲಿ ಬಾಚೋದು ಸಾಲದೇ ಬಂತು. ಕಬ್ಬಿಣದ ಹಲ್ಲಿನ ಕುಂಟೆ ಮಾಡಿಸಿದ. ದೋಣಿಗೆ ಕಟ್ಟಿ ಹೊಳೆ ತಳಾನೇ ಗೀರಿಸಿದ. ಉಗುರಷ್ಟು ಮರಿಚಿಪ್ಪೂ ಮೇಲೆ ಬಂತು. ಎಲ್ಲಾ ಗೂಡಿಗೆ.

ಊರಲ್ಲಿ ಗುಸುಗುಸು ಜಾಸ್ತಿ ಆಯ್ತಲ್ಲ, ಅದಕ್ಕೆ ಬೊಮ್ಮಯ್ಯ ಒಂದು ಉಪಾಯ ಮಾಡಿದ. ವರ್ಷಕ್ಕೊಂದು ಸಲ ಹೊಳೆಪೂಜೆ. ಬೆಳ್ಳಿ ತಟ್ಟೆ. ತಟ್ಟೇಲಿ ಜೀವ ಇರೋ ಚಿಪ್ಪು, ಮೂರೇ ಮೂರು. ಅದಕ್ಕೆ ಅರಿಶಿನ, ಕುಂಕುಮ, ಒಂದೆಸಳು ಮಲ್ಲಿಗೆ. ವಾಲಗ ಊದಿಸ್ಕೊಂಡು ಹೋಗಿ, ದೊರೆ ಮುಂದೆ ಬಗ್ಗಿ, ಆ ಮೂರನ್ನ ಹೊಳೆಗೆ ಬಿಡೋನು. ಕಣ್ಣಲ್ಲಿ ನೀರು ಬೇರೆ. ಹಿಂದೇನೇ ಡಂಗುರ: "ಬೊಮ್ಮಯ್ಯನ ಸುಣ್ಣ! ಹೊಳೆತಾಯಿ ಮೆಚ್ಚಿದ ಸುಣ್ಣ!" ಆ ಕಡೆ ದಂಡೇಲಿ ಮುನ್ನೂರು ಬುಟ್ಟಿ ಗೂಡಿಗೆ ಬೀಳ್ತಾ ಇತ್ತು. ಈ ಕಡೆ ಜನ ಆ ಮೂರು ಚಿಪ್ಪಿಗೆ ಕೈ ಮುಗೀತಾ ಇದ್ರು. ನಗಬೇಡಿ. ನೀವಿದ್ರೂ ಮುಗೀತಿದ್ರಿ. ಪ್ರಸಾದಕ್ಕೆ ಕಡುಬು ಇತ್ತು.

ಆ ಸುಣ್ಣದ ಎರಡನೇ ಅನಾಹುತ ಛತ್ರದಲ್ಲಿ ಆಯ್ತು. ದಾರಿಹೋಕರು ತಂಗೋ ಛತ್ರಕ್ಕೆ ಹೊಸ ಸುಣ್ಣ ಬಳಿದ್ರು. ಹೊಳೆ ನೀರು ಇಳಿದಾಗ ಗೋಡೆ ತುಂಬಾ ಸಣ್ಣಗೆ ಟಕ್ ಟಕ್ ಟಕ್. ಕಿವಿ ಇಟ್ಟು ಕೇಳಿದ್ರೆ ಒಂದಲ್ಲ, ಹತ್ತಲ್ಲ, ಸಾವಿರ. ನೀರು ಏರಿದಾಗ ಸದ್ದು ನಿಂತು ಗೋಡೆ ಬೆವರೋದು. ನೆಕ್ಕಿದ್ರೆ ಉಪ್ಪು. ಯಾರು ನೆಕ್ಕಿದ್ದು ಅಂತ ಕೇಳಬೇಡಿ, ಎಲ್ಲಾ ಊರಲ್ಲೂ ಅಂಥೋನೊಬ್ಬ ಇರ್ತಾನೆ. ಒಂದು ವಾರದಲ್ಲಿ ಛತ್ರ ಖಾಲಿ. ದಾರಿಹೋಕರು ಬಯಲಲ್ಲಿ ಮಲಗಿದ್ರು, ಒಳಗೆ ಕಾಲಿಡಲಿಲ್ಲ.

"ನನ್ನ ಸುಣ್ಣ ಅಲ್ಲ. ಗೋಡೆಗೆ ತೇವ ಹಿಡಿದಿದೆ," ಅಂದ ಬೊಮ್ಮಯ್ಯ.

ಮೂರನೇದು ಅಕ್ಕಿ ವ್ಯಾಪಾರಿ ಪದುಮಣ್ಣನ ಮನೇಲಿ. ಒಳಗೂ ಹೊರಗೂ ಹೊಸ ಸುಣ್ಣ ಬಳಿಸಿದ್ದ. ಮಧ್ಯಾಹ್ನ ಏಳು ಜನಾನೂ ಊಟಕ್ಕೆ ಕೂತಿದ್ರು. ಹೊಳೆ ನೀರು ಇಳೀತಾ ಇತ್ತು. ಬೀದೀಲಿ ಹೋಗ್ತಿದ್ದ ಮೇಕೆಯೊಂದು ಗೋಡೆಗೆ ಮೈ ಉಜ್ಜಿತು. ಅಷ್ಟೇ. ಕಿಟಕಿ ಮುಚ್ಚಿತು, ಹಿತ್ತಲ ಬಾಗಿಲು ಮುಚ್ಚಿತು, ತಲೆಬಾಗಿಲು ಮುಚ್ಚಿತು. ಪಟ್, ಪಟ್, ಪಟ್. ಜನ ಓಡಿಬಂದು ತಳ್ಳಿದ್ರು. ತಳ್ಳಿದಷ್ಟೂ ಬಿಗಿ. ಬಾಗಿಲಿಗೂ ಚೌಕಟ್ಟಿಗೂ ಮಧ್ಯೆ ಕೂದಲು ತೂರೋಷ್ಟೂ ಸಂದಿಲ್ಲ. ಒಳಗಿಂದ ಕೂಗು ಕೇಳಲಿಲ್ಲ. ತಟ್ಟೋದು ಮಾತ್ರ ಕೇಳ್ತಿತ್ತು. ಟಕ್. ಟಕ್. ಟಕ್.

ಸಂಜೆ ನೀರು ಏರಿತು. ಬಾಗಿಲು ತಾನಾಗೇ ತೆರ್ಕೊಂಡ್ತು. ಏಳು ಜನಾನೂ ಹೊರಗೆ ಬಂದ್ರು. ಜೀವಕ್ಕೇನೂ ಆಗಿರಲಿಲ್ಲ. ಆದ್ರೆ ಯಾರೂ ಮಾತಾಡಲಿಲ್ಲ, ಯಾರ ಮುಖಾನೂ ನೋಡಲಿಲ್ಲ. ಸಾಲಾಗಿ ಹೊಳೆಗೆ ನಡೆದುಹೋದ್ರು. ಸೊಂಟದ ಮಟ್ಟ ನೀರಲ್ಲಿ ನಿಂತು, ಬಾಯಿ ಚೂರೇ ಚೂರು ತೆಗ್ದು, ಸುಮ್ನೆ ನಿಂತೇ ಇದ್ರು. ಒಳಗೇನಾಯ್ತು ಅಂತ ಪದುಮಣ್ಣನ್ನ ಈಗ ಕೇಳಿದ್ರೂ ಅವನು ಅಕ್ಕಿ ವಿಷಯ ಮಾತಾಡ್ತಾನೆ.

"ನನ್ನ ಸುಣ್ಣ ಅಲ್ಲ. ಬಾಗಿಲಿನ ಮರ ಉಬ್ಬಿದೆ," ಅಂದ ಬೊಮ್ಮಯ್ಯ.

ಕುಸಲಿ ಬಂದ್ಳು. ಈ ಸಲ ದನಿ ಏರಿಸಿದ್ಳು. "ಸಾಕು ನಿಲ್ಸೋ ಮಾರಾಯ!"

"ನಿಲ್ಲಿಸೋಕಾಗುತ್ತಾ ಅತ್ತಿಗೆ? ಮೂರು ಗೂಡು, ಆರು ದೋಣಿ, ಅರವತ್ತು ಕೆಲಸದೋರು. ನಾನು ನಿಲ್ಸಿದ್ರೆ ಅವರ ಒಲೆ ಯಾರು ಹಚ್ತಾರೆ? ನಾನೀಗ ತುಂಬಾ ದೊಡ್ಡೋನು."

ಇದು ಅವನ ಮೂರನೇ ಮಾತು. ಚಿಕ್ಕೋನಾಗಿದ್ದಾಗ ಚಿಕ್ಕೋನು ಅಂತ ತಟ್ಟಲಿಲ್ಲ. ದೊಡ್ಡೋನಾದ ಮೇಲೆ ದೊಡ್ಡೋನು ಅಂತ ತಟ್ಟಲಿಲ್ಲ. ಸರಿಯಾದ ಅಳತೆಗೆ ಅವನು ಯಾವಾಗ ಇದ್ದನೋ, ಆ ದಿನ ಯಾವುದೋ, ಪಂಚಾಂಗದಲ್ಲಿ ಹುಡುಕಬೇಕು.

ಅಷ್ಟರಲ್ಲಿ ದೊರೆ ಮಗಳ ಮದುವೆ ಗೊತ್ತಾಯ್ತು. ಅವಳಿಗೋಸ್ಕರ ನೂರು ಕೋಣೆಯ ಹೊಸ ಅರಮನೆ. "ನೂರು ಕೋಣೆಗೂ ಸುಣ್ಣ ಬೊಮ್ಮಯ್ಯಂದೇ," ಅಂತ ಅಪ್ಪಣೆ. ಬೊಮ್ಮಯ್ಯ ಮೂರನೇ ಬೆರಳು ಮಡಚಿದ. ಆದ್ರೆ ಹೊಳೇಲಿ ಚಿಪ್ಪೆಲ್ಲಿ? ಗೀರಿ ಗೀರಿ ತಳ ಬೋಳಾಗಿತ್ತು. ಉಳಿದಿದ್ದು ಒಂದೇ ದಿಬ್ಬ. ಹೊಳೆ ತಿರುಗೋ ಕಡೆ, ಹೊಸ ಅರಮನೆ ಕೆಳಗೇ. ಅದನ್ನ ತಾಯಿದಿಬ್ಬ ಅಂತಿದ್ರು. ಬೇರೆ ದಿಬ್ಬಗಳಿಗೆಲ್ಲ ಮರಿಚಿಪ್ಪು ಹರಿದು ಬರ್ತಿದ್ದುದು ಅಲ್ಲಿಂದಾನೇ. ಅದು ಹೋದ್ರೆ ಹೊಳೇಲಿ ಇನ್ನು ಚಿಪ್ಪು ಹುಟ್ಟಲ್ಲ. ಸಾರಿಗೂ ಇಲ್ಲ, ಸುಣ್ಣಕ್ಕೂ ಇಲ್ಲ, ಎಂದೆಂದಿಗೂ ಇಲ್ಲ.

"ನಾಳಿದ್ದು ಮಧ್ಯಾಹ್ನ ನೀರು ಇಳಿದ ತಕ್ಷಣ ತಾಯಿದಿಬ್ಬಕ್ಕೆ ಕುಂಟೆ ಹಾಕಿ," ಅಂದ ಬೊಮ್ಮಯ್ಯ.

ಕುಸಲಿ ಅವತ್ತು ಅವನ ಮನೆಗೆ ಹೋದ್ಳು. ಕಾಲಿಗೆ ಬಿದ್ದಾದ್ರೂ ಕೇಳೋಣ ಅಂತ. ಬೊಮ್ಮಯ್ಯ ಇರಲಿಲ್ಲ. ಸುಮ್ನೆ ಗೋಡೆ ನೋಡ್ತಾ ನಿಂತ್ಳು. ಊರೆಲ್ಲಾ ಬಕಪಕ್ಷಿ ಬಿಳುಪು, ಈ ಮನೆ ಗೋಡೆ ಮಾತ್ರ ಬಳಿದು ವರ್ಷಗಳಾಗಿ ಮಾಸಿ ಮಜ್ಜಿಗೆ ಬಣ್ಣ. ಅದು ಹಳೇ ಸುಣ್ಣ. ತಾನೇ ಕೂತು ತಟ್ಟಿ ಆರಿಸಿದ ಚಿಪ್ಪಿನ ಸುಣ್ಣ. ಎಲೆತಟ್ಟೆ ತೆಗ್ದು ನೋಡಿದ್ಳು. ಅದರಲ್ಲೂ ಹಳೇ ಸುಣ್ಣ. ಮಂಚದ ಕೆಳಗೆ ನೋಡಿದ್ಳು. ಹಳೇ ಸುಣ್ಣದ ಎರಡು ಮಡಕೆ, ಬಾಯಿಗೆ ಬಟ್ಟೆ ಕಟ್ಟಿ ಬಚ್ಚಿಟ್ಟಿದ್ದ.

"ಓಹೋ," ಅಂದ್ಳು ಕುಸಲಿ. "ಇವನಿಗೆ ಗೊತ್ತು."

ಎರಡೂ ಮಡಕೆ ಸೊಂಟಕ್ಕೊಂದು ತಲೆಗೊಂದು ಇಟ್ಕೊಂಡು ಸೀದಾ ಅರಮನೆಗೆ ನಡೆದ್ಳು.

ದೊರೆ ತೂಗುಮಂಚದ ಮೇಲಿದ್ದ. ಪಕ್ಕದಲ್ಲಿ ತಿಪ್ಪರಸ. ಬೊಮ್ಮಯ್ಯಾನೂ ಅಲ್ಲೇ ಕೂತು ಮದುವೆ ಮಾತಾಡ್ತಿದ್ದ. ಮಡಕೆ ಅವನಿಗೆ ಗುರುತು ಸಿಗಲಿಲ್ಲ, ಬಾಯಿಗೆ ಕಟ್ಟಿದ್ದ ಬಟ್ಟೇನ ಕುಸಲಿ ಬರೋ ಮುಂಚೆ ಬದಲಾಯಿಸಿದ್ಳು.

"ಏನಮ್ಮಾ?" ಅಂದ ದೊರೆ.

"ಒಡೆಯಾ, ನಿಮ್ಮ ಅಡುಗೆಯೋನು ನಿಮಗೆ ಬಡಿಸೋ ಮುಂಚೆ ಏನು ಮಾಡ್ತಾನೆ?"

"ತಾನು ಒಂದು ತುತ್ತು ಉಂಡು ತೋರಿಸ್ತಾನೆ."

"ಮತ್ತೆ ಸುಣ್ಣಗಾರ? ನಿಮ್ಮ ಮಗಳು ಮಲಗೋ ಕೋಣೆ ಅದು. ಪದುಮಣ್ಣನ ಮನೆ ಸುದ್ದಿ ನಿಮ್ಮ ಕಿವಿಗೂ ಬಿದ್ದಿರಬೇಕು. ಒಂದೇ ಒಂದು ಕೋಣೆಗೆ ಸುಣ್ಣ ಬಳಿಯೋಣ. ನಾಳಿದ್ದು ನೀರು ಇಳಿಯೋಕೆ ಶುರುವಾದಾಗ ಬೊಮ್ಮಯ್ಯ ಒಳಗೆ ಕೂರಲಿ. ತಾಯಿದಿಬ್ಬ ಮೇಲೆ ಕಾಣೋ ತನಕ ಕೂತಿದ್ರೆ ದಿಬ್ಬ ಅವನದು. ಅದಕ್ಕೆ ಮುಂಚೆ ಅವನೇ ಬೇಡ ಅಂದ್ರೆ ದಿಬ್ಬ ನನ್ನದು."

"ಏನೂ ಬೇಕಿಲ್ಲ ಒಡೆಯಾ, ಹೆಂಗಸರ ಮಾತು," ಅಂದ ಬೊಮ್ಮಯ್ಯ.

ತಿಪ್ಪರಸ ತನ್ನ ಗಲ್ಲ ಸವರ್ಕೊಂಡ. "ಕೂರಲಿ ಒಡೆಯಾ," ಅಂದ. "ಕೂರಲೇಬೇಕು."

"ಹಾಗಾದ್ರೆ ಸುಣ್ಣ ನಾನೇ ಮನೆಯಿಂದ ತರ್ತೀನಿ," ಅಂದ ಬೊಮ್ಮಯ್ಯ, ಥಟ್ಟಂತ.

"ತರೋದ್ಯಾಕೆ? ಇಲ್ಲೇ ಎರಡು ಮಡಕೆ ಇದೆ." ಕುಸಲಿ ಮಡಕೆ ಇಳಿಸಿದ್ಳು. "ಎರಡೂ ನಿನ್ನ ಗೂಡಿನದೇ. ತಟ್ಟಿದ್ರೂ ಒಂದೇ, ತಟ್ಟದಿದ್ರೂ ಒಂದೇ ಅಂತ ನೀನೇ ತಾನೇ ಹೇಳೋದು? ಬೆರಳು ತೋರ್ಸು. ಅದನ್ನೇ ಬಳೀತೀನಿ."

ಬೊಮ್ಮಯ್ಯ ಎರಡು ಮಡಕೆ ನೋಡಿದ. ಬಗ್ಗಿ ನೋಡಿದ, ಮೂಸಿ ನೋಡಿದ. ತಟ್ಟೋದು ಬಿಟ್ಟು ವರ್ಷಗಳಾಗಿತ್ತು, ಕೈಗೆ ಗುರುತೇ ಸಿಗಲಿಲ್ಲ. ಕುಸಲಿಯ ಪಕ್ಕಕ್ಕೆ ಸರಿದು ಪಿಸುಗುಟ್ಟಿದ, "ಅತ್ತಿಗೆ, ತಟ್ಟಿದ್ದು ಯಾವುದು?"

"ಎರಡೂ ಒಂದೇ ಅಲ್ವೇನೋ?" ಅಂದ್ಳು ಕುಸಲಿ, ದೊರೆಗೆ ಕೇಳಿಸೋ ಹಾಗೆ.

ಬೊಮ್ಮಯ್ಯ ಎಡಗಡೆ ಮಡಕೆಗೆ ಬೆರಳು ತೋರಿಸಿದ.

ನಾಳಿದ್ದು ಬಂತು. ಹೊಳೆ ಕಡೆ ಕಿಟಕಿ ಇರೋ ಕೋಣೆ. ಗೋಡೆ ಆರಿತ್ತು. ಬೊಮ್ಮಯ್ಯ ಒಳಗೆ ಚಾಪೆ ಮೇಲೆ ಕೂತ. ಬಾಗಿಲು ತೆಗ್ದೇ ಇತ್ತು. ಹೊರಗೆ ಜಗಲೀಲಿ ದೊರೆ, ತಿಪ್ಪರಸ, ಕುಸಲಿ. ಕೆಳಗೆ ಹೊಳೇಲಿ ಆರು ದೋಣಿ, ಆರು ಕುಂಟೆ, ದಿಬ್ಬದ ಸುತ್ತ ಕಾದು ನಿಂತಿದ್ವು. ನೀರು ಇಳಿಯೋಕೆ ಶುರುವಾಯ್ತು.

ಬೊಮ್ಮಯ್ಯ ಮೊದಲು ಹಾಡು ಗುನುಗಿದ. ಆಮೇಲೆ ಹಾಡು ನಿಲ್ಸಿದ.

"ಕೇಳಿಸ್ತಾ?" ಅಂದ.

ದೊರೆ ಕಿವಿ ಕೊಟ್ಟ. "ಏನೂ ಇಲ್ವಲ್ಲ."

ನೀರು ಮೊಳಕಾಲಷ್ಟು ಇಳಿಯಿತು. ಬೊಮ್ಮಯ್ಯ ಗೋಡೆಯಿಂದ ದೂರ ಸರಿದು ಕೋಣೆ ಮಧ್ಯಕ್ಕೆ ಬಂದ.

"ಕೇಳಿಸ್ತಾ? ತಟ್ತಾ ಇವೆ."

ತಿಪ್ಪರಸ ಕಿವಿ ಕೊಟ್ಟ. "ಏನೂ ಇಲ್ಲ ಮಾರಾಯ. ಕೂತ್ಕೋ."

ನೀರು ಸೊಂಟದಷ್ಟು ಇಳಿಯಿತು. ದಿಬ್ಬದ ಮೇಲೆ ಈಗ ಒಂದು ಗೇಣು ನೀರು. ದೋಣಿಯೋರು ಎದ್ದು ನಿಂತು ಕುಂಟೆ ಕೈಗೆ ತಗೊಂಡ್ರು. ಕುಸಲಿ ಕಿಟಕಿ ಸರಳು ಹಿಡ್ಕೊಂಡು ನಿಂತಿದ್ಳು. ಅವನು ಇನ್ನೊಂದು ಗಳಿಗೆ ಕೂತುಬಿಟ್ರೆ ಎಲ್ಲಾ ಮುಗೀತು.

"ಅತ್ತಿಗೆ!" ಬೊಮ್ಮಯ್ಯ ಕೂಗಿದ. "ಮಡಕೆ ಯಾವುದು? ಹೇಳೇ! ಬಾಗಿಲು ಸಣ್ಣ ಆಗ್ತಿದೆ!"

ಬಾಗಿಲು ಇದ್ದ ಹಾಗೇ ಇತ್ತು.

"ಎರಡೂ ಒಂದೇ ಅಂದ್ಯಲ್ಲೋ ಬೊಮ್ಮಯ್ಯ."

"ಒಂದೇ ಅಲ್ಲ! ಒಂದೇ ಅಲ್ಲ!" ಅವನು ಎರಡೂ ಕಿವಿ ಮುಚ್ಚಿ ಮಂಡಿ ಊರಿದ. "ಒಡೆಯಾ, ನಂಗೆ ಗೊತ್ತಿತ್ತು. ಮೊದಲನೇ ದಿನದಿಂದ ಗೊತ್ತಿತ್ತು. ಗೂಡೊಳಗಿಂದ ತಟ್ಟಿದ್ದು ನಂಗೂ ಕೇಳಿಸಿತ್ತು. ಅದಕ್ಕೇ ತಿದಿ ಒತ್ತಿದೆ. ಎಲೆ ಬಲಿತಿದ್ದು ಸುಳ್ಳು. ತೇವ ಸುಳ್ಳು. ಮರ ಉಬ್ಬಿದ್ದು ಸುಳ್ಳು. ಬೆಳ್ಳಿ ತಟ್ಟೆ ಮೂರು ಚಿಪ್ಪೂ ಸುಳ್ಳು. ನನ್ನ ಮನೆಗೆ ನಾನು ಆ ಸುಣ್ಣ ಬಳಿಯಲಿಲ್ಲ, ಬೇರೆಯೋರ ಮನೆಗೆಲ್ಲ ಬಳಿದೆ. ದಿಬ್ಬ ಬೇಡ, ನಂಗೆ ಬೇಡ, ಹೊರಗೆ ಬಿಡಿ!"

ದೊರೆ ಮುಖ ಕಪ್ಪಾಯ್ತು. ತನ್ನ ಮಗಳ ನೂರು ಕೋಣೆ ಕಣ್ಮುಂದೆ ಬಂದಿರಬೇಕು. ಬೆರಳಿಂದ ಮುದ್ರೆಯುಂಗುರ ಕಿತ್ತು ಕುಸಲಿ ಕೈಗೆ ಹಾಕಿದ. "ತೋರ್ಸಮ್ಮ ದೋಣಿಯೋರಿಗೆ. ದಿಬ್ಬಕ್ಕೆ ಕುಂಟೆ ಮುಟ್ಟಿದೋನ ಕೈ ಇರಲ್ಲ ಅಂತ ಹೇಳು. ಅರಮನೆಗೆ ಕೆಮ್ಮಣ್ಣು ಬಳಿದ್ರಾಯ್ತು, ಮದುವೆ ನಿಲ್ಲಲ್ಲ. ಆ ಮೂರು ಗೂಡು ಇನ್ನು ನಿನ್ನ ಮಾತಲ್ಲಿ ನಡೀಲಿ. ಅರವತ್ತು ಜನರನ್ನೂ ಚಪ್ಪಡಿಕಲ್ಲಿನ ಮುಂದೆ ಕೂರಿಸು. ಇವನು ನೀರು ಮತ್ತೆ ಏರೋ ತನಕ ಇಲ್ಲೇ ಕೊಳೀಲಿ, ನಾಳೆಯಿಂದ ಅವರ ಜೊತೆ ಕೂತು ತಟ್ಟಲಿ."

ಕುಸಲಿ ಕೋಣೆ ಒಳಗೆ ಬಂದ್ಳು. ಸೊಂಟದ ಚೀಲದಿಂದ ಎಲೆ ತೆಗ್ದು, ಗೋಡೆ ಪಕ್ಕ ಇದ್ದ ಎರಡೂ ಮಡಕೆಯಿಂದ ಒಂದೊಂದು ಬೆರಳು ಸುಣ್ಣ ಸವರಿ, ಮಡಚಿ ಬಾಯಿಗಿಟ್ಟು ಅಗಿದ್ಳು. ನುಂಗಿ, ಕೆಂಪು ಬಾಯನ್ನ ಆ ಅಂತ ಅಗಲಕ್ಕೆ ತೆಗ್ದು ತೋರಿಸಿದ್ಳು.

"ನೋಡೋ. ಎರಡೂ ನಿನ್ನ ಮಂಚದ ಕೆಳಗಿಂದು. ಎರಡೂ ನಾನು ತಟ್ಟಿದ್ದೇ."

ಬೊಮ್ಮಯ್ಯ ಅವಳ ಬಾಯಿ ನೋಡಿದ, ಗೋಡೆ ನೋಡಿದ. "ಮತ್ತೆ ಆ ಸದ್ದು?" ಅಂದ. "ಈಗ್ಲೂ ಬರ್ತಿದೆಯಲ್ಲ ಅತ್ತಿಗೆ. ಎಲ್ಲಿಂದ ಬರ್ತಿದೆ?"

ಕುಸಲಿ ಗೋಡೆಗೆ ಕಿವಿ ಇಟ್ಳು. ಏನಿಲ್ಲ. ನೆಲಕ್ಕೆ ಕಿವಿ ಇಟ್ಳು. ಏನಿಲ್ಲ. ಆಮೇಲೆ ಬಗ್ಗಿ ಅವನ ಎದೆಗೆ ಕಿವಿ ಇಟ್ಳು. ಒಳಗಿಂದ ಯಾರೋ ಉಗುರಲ್ಲಿ ತಟ್ಟಿದ ಹಾಗೆ, ಟಕ್, ಟಕ್, ಟಕ್. ಥಟ್ಟಂತ ಎದ್ದು ಹಿಂದಕ್ಕೆ ಸರಿದ್ಳು.

"ಏನೇ ಅದು? ಹೇಳೇ!"

"ಬೆಳಿ ಬೊಮ್ಮಯ್ಯ, ಬೆಳೀಬೇಡ ಅಂತ ನಾನು ಯಾವತ್ತೂ ಅನ್ನಲಿಲ್ಲ," ಅಂದ್ಳು ಕುಸಲಿ ಮೆಲ್ಲಗೆ. "ಆದ್ರೆ ತನ್ನನ್ನ ಸಾಕಿದ್ದನ್ನೇ ಸುಟ್ಟು ಬೆಳೆದೋನಿಗೆ, ಕೊನೆಗೆ ಸುಡೋಕೆ ಅಂತ ಉಳಿಯೋದು ಅವನೊಬ್ಬನೇ. ಚಿಕ್ಕೋನಿರಲಿ, ದೊಡ್ಡೋನಿರಲಿ, ಇವತ್ತು ಮಾಡಬೇಕಾದ ಸರಿ ಕೆಲಸಾನ ಇವತ್ತೇ ಮಾಡಬೇಕು."

ಕಿಟಕಿಯಾಚೆ ದಿಬ್ಬದ ಮೇಲೆ ಇನ್ನು ನಾಲ್ಕು ಬೆರಳು ನೀರಿತ್ತು. ಅವಳು ಉಂಗುರಾನ ಸೆರಗಿನ ತುದಿಗೆ ಗಂಟು ಹಾಕ್ಕೊಂಡ್ಳು, ಸೀರೆ ಎತ್ತಿ ಕಟ್ಟಿದ್ಳು.

"ಅತ್ತಿಗೆ, ಬಾಗಿಲು ಹಾಗೇ ಇರಲಿ. ನನ್ನೊಬ್ಬನ್ನೇ ಇದರ ಜೊತೆ ಬಿಡಬೇಡ. ಅತ್ತಿಗೆ!"

ಕುಸಲಿ ಹೊಸಲು ದಾಟಿದ್ಳು. ತಿರುಗಿ ನೋಡಲಿಲ್ಲ. ಕೈ ಹಿಂದಕ್ಕೆ ಹಾಕಿ ಬಾಗಿಲು ಎಳೆದ್ಳು, ಚಿಲಕ ಹಾಕಿದ್ಳು, ಹೊಳೆ ಕಡೆ ಮೆಟ್ಟಿಲು ಇಳಿದು ಓಡಿದ್ಳು.